ಆಟದ ಗಣಕಕ್ಕೆ ಹಣದ ಹಂಚಿಕೆ

ಸಂಸ್ಕೃತದಲ್ಲಿ ‘ಗಣಕ’ನೆಂದರೆ ಲೆಕ್ಕ ಬರೆಯುವವನು, ಇಲ್ಲವೆ ಗ್ರಹಗತಿಯನ್ನು ಎಣಿಸುವ ಜೋಯಿಸ. ಆ ಹೆಸರು ಹೊತ್ತ ಯಂತ್ರ ಈಗ ಮಕ್ಕಳಿಗೆ ಆಟದ ಅಂಗಳವಾಗಿದೆ. ಪರೀಕ್ಷೆ ಮುಗಿಯಿತೆಂದರೆ “ಅಪ್ಪಾ, ಗೇಮಿಂಗ್ ಪಿಸಿ ಕೊಡಿಸು” ಎಂಬ ಬೇಡಿಕೆ ಎಷ್ಟೋ ಮನೆಗಳಲ್ಲಿ ಏಳುತ್ತದೆ. ಆಟ ಬೇಕೆ ಬೇಡವೆ ಎಂಬ ಚರ್ಚೆಯನ್ನು ಆಯಾ ಮನೆಯವರಿಗೇ ಬಿಡೋಣ. ಕೊಡಿಸುವುದೆಂದು ನಿಶ್ಚಯವಾದ ಮೇಲೆ, ಕೈಯಲ್ಲಿರುವ ಮಿತವಾದ ಹಣವನ್ನು ಯಾವ ಭಾಗಕ್ಕೆ ಎಷ್ಟು ಹಂಚಬೇಕೆಂಬುದಷ್ಟೇ ಇಲ್ಲಿಯ ವಿಚಾರ. ರೇಡಿಯೋವನ್ನು ನಾವು ಪೆಟ್ಟಿಗೆಯಾಗಿಯೇ ಕೊಳ್ಳುತ್ತೇವೆ. ಒಳಗೇನಿದೆಯೆಂದು ಬಿಚ್ಚಿ ನೋಡುವುದಿಲ್ಲ. ಆಟದ ಗಣಕವನ್ನೂ ಹಾಗೆಯೇ ಕೊಂಡರೆ ಹಣ ಬೇಡದ ಕಡೆಗೆ ಹೋಗುವುದೇ ಹೆಚ್ಚು.

ಮೊದಲು ನಿಶ್ಚಯಿಸಬೇಕಾದದ್ದು ಮಾನಿಟರ್. ಸಾಮಾನ್ಯವಾದ ಮಾನಿಟರಿನಲ್ಲಿ ಅಡ್ಡಲಾಗಿ ೧೯೨೦, ಮೇಲಿನಿಂದ ಕೆಳಕ್ಕೆ ೧೦೮೦ ಚುಕ್ಕೆಗಳಿರುತ್ತವೆ; ಗುಣಿಸಿದರೆ ೨೦,೭೩,೬೦೦. ಚಿತ್ರ ತಡವರಿಸದೆ ಓಡಬೇಕಾದರೆ ಸೆಕೆಂಡಿಗೆ ಅರುವತ್ತು ಸಾರಿಯಾದರೂ ಇವೆಲ್ಲಕ್ಕೂ ಹೊಸದಾಗಿ ಬಣ್ಣ ಹಚ್ಚಬೇಕು. ಅಂದರೆ ಒಂದು ಸೆಕೆಂಡಿನಲ್ಲಿ ಹನ್ನೆರಡು ಕೋಟಿಗೂ ಮಿಕ್ಕ ಚುಕ್ಕೆಗಳು. ‘೪ಕೆ’ ಎಂದು ಮಾರುವ ಮಾನಿಟರಿನಲ್ಲಿ ಚುಕ್ಕೆಗಳು ಇದರ ನಾಲ್ಕು ಪಟ್ಟು. ಕೆಲಸವೂ ಹೆಚ್ಚುಕಡಿಮೆ ಅಷ್ಟೇ ಪಟ್ಟು. ಮೊದಲ ಗಣಕಕ್ಕೆ ೧೦೮೦ರ ಮಾನಿಟರೇ ಸಾಕು.

ಈ ಕೆಲಸವನ್ನು ಗಣಕದೊಳಗೆ ಇಬ್ಬರು ಹಂಚಿಕೊಳ್ಳುತ್ತಾರೆ. ನಾಟಕದ ಕಂಪನಿಯೊಂದನ್ನು ನೆನೆದುಕೊಂಡರೆ ವಿಷಯ ಸುಲಭವಾಗುತ್ತದೆ. ಪ್ರೊಸೆಸರ್ ಕಂಪನಿಯ ಯಜಮಾನ. ಯಾವ ಪಾತ್ರ ಎಲ್ಲಿಗೆ ಹೋಯಿತು, ಹೊಡೆದ ಗುಂಡು ತಗಲಿತೋ ಇಲ್ಲವೋ ಎಂದು ನಿರ್ಣಯಿಸುವವನು ಅವನು. ಗ್ರಾಫಿಕ್ಸ್ ಕಾರ್ಡ್ ಎಂಬುದು ರಂಗದ ಪರದೆಗಳನ್ನು ಬರೆಯುವ ಚಿತ್ರಕಾರರ ದಂಡು. ಯಜಮಾನನಿಗೆ ನಾಲ್ಕೋ ಆರೋ ಎಂಟೋ ತಲೆ, ಆದರೆ ಚುರುಕಾದ ತಲೆ. ಚಿತ್ರಕಾರರು ಸಾವಿರಾರು ಮಂದಿ. ಒಬ್ಬೊಬ್ಬನೂ ತನ್ನ ಪಾಲಿನ ಚುಕ್ಕೆಗೆ ಬಣ್ಣ ಹಚ್ಚಿದರಾಯಿತು. ೨೦೨೧ರಲ್ಲಿ ಬಂದ ಆರ್‌ಎಕ್ಸ್ ೬೬೦೦ ಎಂಬ ಸಾಧಾರಣ ದರ್ಜೆಯ ಕಾರ್ಡಿನಲ್ಲಿಯೇ ಇಂಥ ೧೭೯೨ ಘಟಕಗಳಿವೆ. ಹೆಚ್ಚಿನ ಆಟಗಳಲ್ಲಿ ಬಹುಪಾಲು ಶ್ರಮ ಈ ದಂಡಿನದು. ಆದಕಾರಣ ಮಾನಿಟರಿನ ಬೆಲೆ ಕಳೆದು ಉಳಿದ ಹಣವನ್ನು ನೂರು ಪಾಲು ಮಾಡಿದರೆ, ಮೂವತ್ತೈದರಿಂದ ನಲವತ್ತು ಪಾಲು ಕಾರ್ಡಿಗೇ ಸಲ್ಲುವುದು ನ್ಯಾಯ. ಕಾರ್ಡಿಗೆ ಸ್ವಂತದ್ದಾದ ೮ ಜಿಬಿ ಮೆಮೊರಿಯಾದರೂ ಇರಲಿ.

ಹಾಗೆಂದು ಯಜಮಾನ ಮಂಕನಾದರೆ ಚಿತ್ರಕಾರರು ಕುಂಚ ಹಿಡಿದು ಸುಮ್ಮನೆ ಕಾಯಬೇಕಾಗುತ್ತದೆ. ಇಂಟೆಲ್‌ನ ಐ೫-೧೨೪೦೦ಎಫ್, ಎಎಂಡಿಯ ರೈಜೆನ್ ೫ ೫೬೦೦, ಇಂಥ ಆರು ತಲೆಯ ದರ್ಜೆ ಸಾಕು. ಅಂಗಡಿಗಳಲ್ಲಿ “ಐ೭ ಗೇಮಿಂಗ್ ಪಿಸಿ, ಅತಿ ಅಗ್ಗ” ಎಂಬ ಫಲಕ ಕಂಡರೆ ಸ್ವಲ್ಪ ನಿಲ್ಲಬೇಕು. ಐ೭ ಎಂಬುದು ಪದವಿ ಮಾತ್ರ. ತಲೆಮಾರು ತಿಳಿಯುವುದು ಅದರ ಮುಂದಿನ ಅಂಕೆಯಿಂದ. ಐ೭-೪೭೭೦ ಎಂದಿದ್ದರೆ ಅದು ನಾಲ್ಕನೆಯ ತಲೆಮಾರು, ೨೦೧೩ರದು. ೨೦೨೨ರ ಐ೩-೧೨೧೦೦ ಪದವಿಯಲ್ಲಿ ಕಿರಿಯದಾದರೂ ಕೆಲಸದಲ್ಲಿ ಅದನ್ನು ಸುಲಭವಾಗಿ ಮೀರಿಸುತ್ತದೆ. ಅಲ್ಲದೆ ವಿಂಡೋಸ್ ೧೧ ಅಧಿಕೃತವಾಗಿ ಒಪ್ಪುವುದು ಇಂಟೆಲ್‌ನ ಎಂಟನೆಯ ತಲೆಮಾರಿನಿಂದ ಈಚಿನವನ್ನು. ವಿಂಡೋಸ್ ೧೦ರ ಸಾಮಾನ್ಯ ಬೆಂಬಲ ೨೦೨೫ರ ಅಕ್ಟೋಬರ್ ೧೪ಕ್ಕೆ ಮುಗಿದಿದೆ.

ಮದರ್‌ಬೋರ್ಡಿನ ಪ್ರಸ್ತಾಪ ಬಂದಾಗ ಹಳೆಯ ಗಣಕನ ಕೆಲಸವೂ ಉಂಟು, ಏಕೆಂದರೆ ಇಲ್ಲಿ ಜಾತಕ ಕೂಡಿಸಬೇಕು. ಎಎಂಡಿಯವರ ಹಳೆಯ ಎಎಂ೪ ಪೀಠಕ್ಕೆ ಡಿಡಿಆರ್೪ ರ‍್ಯಾಮ್. ೨೦೨೨ರಲ್ಲಿ ಬಂದ ಎಎಂ೫ ಪೀಠಕ್ಕೆ ಡಿಡಿಆರ್೫ ಮಾತ್ರ. ಇಂಟೆಲ್‌ನ ಹನ್ನೆರಡನೆಯ ತಲೆಮಾರಿಗೆ ಎರಡು ಬಗೆಯ ಬೋರ್ಡುಗಳೂ ಇವೆ. ಒಂದರ ರ‍್ಯಾಮ್ ಇನ್ನೊಂದರಲ್ಲಿ ಕೂರುವುದೇ ಇಲ್ಲ.

ರ‍್ಯಾಮ್ ಒಟ್ಟು ೧೬ ಜಿಬಿ ಇರಲಿ. ಅದೂ ಹದಿನಾರರ ಒಂದೇ ಸ್ಟಿಕ್ ಬೇಡ, ಎಂಟೆಂಟರ ಎರಡು. ಎರಡು ಬಾಗಿಲ ಉಗ್ರಾಣದಲ್ಲಿ ಸಾಮಾನು ಬೇಗ ಹೊರಬರುವಂತೆ ಮಾಹಿತಿಯೂ ಎರಡು ದಾರಿಗಳಲ್ಲಿ ಹರಿಯುತ್ತದೆ. ೨೦೨೫ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮಿನ ಬೆಲೆ ಬಹಳ ಏರಿತಾದ್ದರಿಂದ ಹಳೆಯ ಅಂದಾಜುಪಟ್ಟಿ ಹಿಡಿದು ಅಂಗಡಿಗೆ ಹೋಗಬಾರದು. ಶೇಖರಣೆಗೆ ಎಸ್‌ಎಸ್‌ಡಿ, ದೊಡ್ಡ ಆಟವೊಂದೇ ನೂರು ಜಿಬಿ ದಾಟುವುದುಂಟು.

ಇನ್ನು ಯಾರೂ ಗಮನ ಕೊಡದ ಭಾಗಕ್ಕೆ ಬರೋಣ. ಗೋಡೆಯಿಂದ ಬರುವ ೨೩೦ ವೋಲ್ಟಿನ ವಿದ್ಯುತ್ತನ್ನು ೧೨, ೫, ೩.೩ ವೋಲ್ಟುಗಳ ಏಕಮುಖ ಪ್ರವಾಹವಾಗಿ ಇಳಿಸಿ ಎಲ್ಲ ಭಾಗಗಳಿಗೂ ಉಣಬಡಿಸುವುದು ಎಸ್‌ಎಂಪಿಎಸ್. ನನ್ನ ಬಳಿ ಓದಿದ ಹುಡುಗನೊಬ್ಬನ ತಂದೆ ಹೊಲಿಗೆಯ ಕೆಲಸದವರು. ಎರಡು ದೀಪಾವಳಿಗಳ ಹೊಲಿಗೆಯ ಹಣವನ್ನು ಕೂಡಿಟ್ಟು ಮಗನಿಗೆ ಗಣಕ ಮಾಡಿಸಿಕೊಟ್ಟರು. ಅಂಗಡಿಯವರು ಕಾರ್ಡನ್ನು ಒಳ್ಳೆಯದನ್ನೇ ಹಾಕಿ, ಎಸ್‌ಎಂಪಿಎಸ್ ಮಾತ್ರ ಕ್ಯಾಬಿನೆಟ್ಟಿನ ಜತೆಗೆ ಪುಕ್ಕಟೆ ಬಂದದ್ದನ್ನೇ ಕೂರಿಸಿದ್ದರು. ಮೊದಲ ಮಳೆಗಾಲದಲ್ಲಿಯೇ, ಕರೆಂಟು ಹೋಗಿ ಬಂದ ಒಂದು ಸಂಜೆ, ಅದು ಸುಟ್ಟಿತು. ಮದರ್‌ಬೋರ್ಡನ್ನೂ ಕಾರ್ಡನ್ನೂ ಜತೆಗೇ ಕೊಂಡೊಯ್ದಿತು. ಎಸ್‌ಎಂಪಿಎಸ್ ಬದಲಾಯಿಸಿಕೊಟ್ಟ ಅಂಗಡಿಯವರು ಉಳಿದದ್ದಕ್ಕೆ ತಾವು ಹೊಣೆಯಲ್ಲವೆಂದರು. ಆ ತಂದೆ ಮತ್ತೆ ಎರಡು ದೀಪಾವಳಿ ಕಾಯಬೇಕಾಯಿತು.

ಪೆಟ್ಟಿಗೆಯ ಮೇಲೆ ೪೫೦ ವಾಟ್ ಎಂದು ಅಚ್ಚು ಹಾಕಿದ ಮಾತ್ರಕ್ಕೆ ಅಷ್ಟು ಬರುವುದಿಲ್ಲ. ಪಕ್ಕದ ಚೀಟಿಯಲ್ಲಿ ೧೨ ವೋಲ್ಟಿನ ಸಾಲಿಗೆ ಎಷ್ಟು ಆಂಪಿಯರ್ ಇದೆಯೆಂದು ನೋಡಿ, ಹನ್ನೆರಡರಿಂದ ಗುಣಿಸಿದರೆ ಆ ಸಾಲಿನ ವಾಟು ದೊರೆಯುತ್ತದೆ. ಪ್ರೊಸೆಸರಿಗೂ ಕಾರ್ಡಿಗೂ ಮುಖ್ಯವಾಗಿ ಬೇಕಾದದ್ದು ಅದೇ. ಆರ್‌ಎಕ್ಸ್ ೬೬೦೦ಕ್ಕೆ ೧೩೨ ವಾಟ್, ೧೨೪೦೦ಎಫ್‌ಗೆ ಪೂರ್ಣಭಾರದಲ್ಲಿ ೧೧೭. ಉಳಿದವನ್ನೂ ಕೂಡಿಸಿದರೆ ಸುಮಾರು ಮುನ್ನೂರು. ಹೆಸರುವಾಸಿಯಾದ ತಯಾರಿಕೆಯ ೫೦೦ ಅಥವಾ ೫೫೦ ವಾಟಿನದು ಧಾರಾಳವಾಯಿತು. ‘೮೦ ಪ್ಲಸ್’ ಎಂಬ ಗುರುತು ಹೇಳುವುದು ವಿದ್ಯುತ್ತು ಎಷ್ಟು ಕಡಿಮೆ ಪೋಲಾಗುತ್ತದೆಂಬುದನ್ನು ಮಾತ್ರ, ರಕ್ಷಣೆಯನ್ನಲ್ಲ. ಆದರೂ ಅದಿಲ್ಲದ್ದನ್ನು ಮುಟ್ಟದಿರುವುದು ಲೇಸು. ಬಣ್ಣದ ದೀಪಗಳ ಕ್ಯಾಬಿನೆಟ್ಟಿಗೆ ಸುರಿಯುವ ಹಣವನ್ನು ಇತ್ತ ತಿರುಗಿಸಿದರೆ ಹುಡುಗ ಎರಡು ದಿನ ಮುನಿಸಿಕೊಂಡಾನು, ಅಷ್ಟೆ.

ಹಣ ಇಷ್ಟಕ್ಕೂ ಸಾಲದಿದ್ದರೆ ದಾರಿ ಇಲ್ಲದಿಲ್ಲ. ರೈಜೆನ್ ೫ ೫೬೦೦ಜಿ, ಹೊಸ ಪೀಠದ ೮೬೦೦ಜಿ, ಇಂಥವುಗಳ ಒಳಗೇ ಚಿಕ್ಕದೊಂದು ಚಿತ್ರಕಾರರ ತಂಡವಿರುತ್ತದೆ. ವ್ಯಾಲೊರೆಂಟ್‌ನಂಥ ಹಗುರವಾದ ಆಟ ಅದರಲ್ಲಿ ಚೆನ್ನಾಗಿಯೇ ನಡೆಯುತ್ತದೆ; ಕಾರ್ಡನ್ನು ಮುಂದಿನ ವರ್ಷ ಸೇರಿಸಬಹುದು. ಈ ತಂಡಕ್ಕೆ ಸ್ವಂತ ಮೆಮೊರಿಯಿಲ್ಲ, ರ‍್ಯಾಮನ್ನೇ ಬಳಸುತ್ತದೆ. ಇಲ್ಲಿ ಎರಡು ಸ್ಟಿಕ್ಕುಗಳು ಇರಲೇಬೇಕು. ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ ‘ಎಫ್’ ಇದ್ದರೆ ಒಳಗೆ ಆ ತಂಡವಿಲ್ಲವೆಂದೇ ಅರ್ಥ. ಅದಕ್ಕೆ ಕಾರ್ಡಿಲ್ಲದೆ ಗತಿಯಿಲ್ಲ.

ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಒಂದೇ ಭಾಗಕ್ಕೆ ನಾಲ್ಕು ಅಂಗಡಿಯಲ್ಲಿ ನಾಲ್ಕು ಬೆಲೆ ಕೇಳಿಬರುತ್ತದೆ, ವಿಚಾರಿಸಿಯೇ ಕೊಳ್ಳಿ. ಬಳಸಿದ ಕಾರ್ಡು ಅಗ್ಗವೇನೋ ಹೌದು. ಆದರೆ ೨೦೨೨ರ ಸೆಪ್ಟೆಂಬರಿನಲ್ಲಿ ಇಥೀರಿಯಂ ನಾಣ್ಯದ ಗಣಿಗಾರಿಕೆ ಮುಗಿದಾಗ, ಹಗಲಿರುಳು ದುಡಿದಿದ್ದ ಎಷ್ಟೋ ಕಾರ್ಡುಗಳು ಮಾರುಕಟ್ಟೆಗೆ ಬಂದವು. ಅಂಥದನ್ನು ಕಣ್ಣಮುಂದೆ ಅರ್ಧ ಗಂಟೆ ಆಟ ಓಡಿಸಿ ನೋಡದೆ ಕೊಳ್ಳಬಾರದು. ಹೊಸ ಭಾಗಗಳಿಗೆ ಜಿಎಸ್‌ಟಿ ಬಿಲ್ಲು ಬೇಕೇ ಬೇಕು, ಅದರಲ್ಲಿ ಕ್ರಮಸಂಖ್ಯೆ ನಮೂದಾಗಿರಲಿ.

ಎಲ್ಲ ಜೋಡಿಸಿದ ಮೇಲೆ ಮಾನಿಟರಿನ ಕೇಬಲನ್ನು ಮದರ್‌ಬೋರ್ಡಿನ ಕಿಂಡಿಗೆ ಚುಚ್ಚಿ, ಕಾರ್ಡು ಕೆಲಸ ಮಾಡುತ್ತಿಲ್ಲವೆಂದು ಅಂಗಡಿಗೆ ಹೊತ್ತುಕೊಂಡು ಬರುವವರು ಬಹಳ. ಅದನ್ನು ಸಿಕ್ಕಿಸಬೇಕಾದದ್ದು ಕೆಳಗಡೆ, ಕಾರ್ಡಿನದೇ ಕಿಂಡಿಗೆ.