ಕಪ್ಪು ಆಯಿಲ್ ಏನು ಹೇಳುತ್ತದೆ?

ಮಾರ್ಚ್ ತಿಂಗಳು. ಕುಂಬ್ರದ ಒಂದು ಅಡಿಕೆ ತೋಟ. ಕರೆಂಟು ಕೈಕೊಟ್ಟರೆ ಅಲ್ಲಿ ಡೀಸೆಲ್ ಪಂಪೇ ಗತಿ. ಪಂಪು ನಿಂತರೆ ತೋಟ ಒಣಗುತ್ತದೆ.

ತೋಟದ ಅಣ್ಣ ಪಂಪಿನ ಎಂಜಿನಿಗೆ ಎರಡು ಬದಲಾವಣೆ ಮಾಡಿಸಿದರು. ಒಂದು, ಆಯಿಲ್ ಸೋಸಲು ಇನ್ನೊಂದು ಫಿಲ್ಟರ್. ಎರಡು, ಎಂಜಿನಿನ ಹೊಗೆ ಹೊರಗೆ ಹೋಗುವ ಬ್ರೀದರಿಗೆ ಉದ್ದದ ಪೈಪು. ಮೆಕ್ಯಾನಿಕ್ ಹೇಳಿದ: "ಅಣ್ಣಾ, ಇನ್ನು ಆಯಿಲ್ ಬೇಗ ಹಾಳಾಗುದಿಲ್ಲ."

ಈ ಮಾತು ನಿಜವಾ? ನೋಡಿ ಹೇಳಲು ಆಗುತ್ತದಾ? ಬನ್ನಿ, ನಾವು ತಿಳಿಯೋಣ.

ಬಣ್ಣ ನೋಡಿದರೆ ಸಾಲದು

ಡೀಸೆಲ್ ಎಂಜಿನಿನ ಆಯಿಲ್ ಬೇಗ ಕಪ್ಪಾಗುತ್ತದೆ. ಅದು ಮಸಿಯಿಂದ. ಕಪ್ಪಾದ ಮಾತ್ರಕ್ಕೆ ಆಯಿಲ್ ಕೆಟ್ಟಿತು ಎಂದಲ್ಲ. ಕೆಟ್ಟದ್ದು ಕಣ್ಣಿಗೆ ಕಾಣುವುದಿಲ್ಲ. ಅದಕ್ಕೆ ಪರೀಕ್ಷೆ ಬೇಕು.

ಡಾಕ್ಟರು ನಮ್ಮ ರಕ್ತ ಪರೀಕ್ಷೆ ಮಾಡಿಸುತ್ತಾರಲ್ಲವೇ? ಇದೂ ಹಾಗೆಯೇ. ರೈಲಿನ ಡೀಸೆಲ್ ಎಂಜಿನುಗಳ ಆಯಿಲನ್ನು ಹೀಗೆಯೇ ಪರೀಕ್ಷೆ ಮಾಡುತ್ತಾರೆ. ಎಂಜಿನ್ ಬಿಚ್ಚದೆ ಒಳಗಿನ ಸವೆತ ತಿಳಿಯುತ್ತದೆ.

ಪರೀಕ್ಷೆಯಲ್ಲಿ ಏನು ಸಿಗುತ್ತದೆ?

ಕಬ್ಬಿಣ ಹೆಚ್ಚಿದ್ದರೆ ಲೈನರ್, ರಿಂಗ್ ಸವೆಯುತ್ತಿರಬಹುದು. ಅಲ್ಯುಮಿನಿಯಂ ಇದ್ದರೆ ಪಿಸ್ಟನ್. ತಾಮ್ರ, ಸೀಸ ಇದ್ದರೆ ಬೇರಿಂಗ್. ಸಿಲಿಕಾನ್ ಹೆಚ್ಚಿದ್ದರೆ ಹೆಚ್ಚಾಗಿ ಧೂಳು. ನಮ್ಮ ಕೆಂಪು ಮಣ್ಣಿನ ಧೂಳು ಒಳಗೆ ಹೋದರೆ ಅದು ಉಪ್ಪುಕಾಗದದ ಹಾಗೆ ಉಜ್ಜುತ್ತದೆ. ಇವನ್ನು ಹತ್ತು ಲಕ್ಷ ಭಾಗದಲ್ಲಿ ಎಷ್ಟು ಭಾಗ ಎಂದು ಲೆಕ್ಕ ಹಾಕುತ್ತಾರೆ. ಆಯಿಲಿನಲ್ಲಿ ನೀರು, ಡೀಸೆಲ್ ಸೇರಿದೆಯೇ ಎಂದೂ ತಿಳಿಯುತ್ತದೆ.

ಬ್ರೀದರ್ ಯಾಕೆ ಬೇಕು?

ರಿಂಗಿನ ಸಂದಿಯಿಂದ ಸ್ವಲ್ಪ ಹೊಗೆ ಕೆಳಗೆ ಇಳಿಯುತ್ತದೆ. ಅದರಲ್ಲಿ ನೀರಿನ ಆವಿ, ಮಸಿ ಇರುತ್ತದೆ. ಅದು ಹೊರಗೆ ಹೋಗಬೇಕು. ದಾರಿ ಕಟ್ಟಿದರೆ ಒತ್ತಡ ಏರುತ್ತದೆ. ಸೀಲಿನಿಂದ ಆಯಿಲ್ ಸೋರುತ್ತದೆ.

ಒಂದೇ ಸಿಲಿಂಡರಿನ ಎಂಜಿನಿನಲ್ಲಿ ಇನ್ನೊಂದು ವಿಷಯ ಉಂಟು. ಪಿಸ್ಟನ್ ಕೆಳಗೆ ಬಂದಾಗ ಗಾಳಿ ಹೊರಗೆ. ಮೇಲೆ ಹೋದಾಗ ಗಾಳಿ ಒಳಗೆ ಎಳೆಯುತ್ತದೆ. ಅದನ್ನು ತಡೆಯಲು ಬ್ರೀದರಿನಲ್ಲಿ ಒಂದು ಸಣ್ಣ ತಟ್ಟೆಯಂಥ ವಾಲ್ವು ಇರುತ್ತದೆ. ಹೊರಗೆ ಬಿಡುತ್ತದೆ, ಒಳಗೆ ಬಿಡುವುದಿಲ್ಲ.

ಎಚ್ಚರ! ಬ್ರೀದರಿನ ಪೈಪನ್ನು ಮನಸ್ಸಿಗೆ ಬಂದ ಹಾಗೆ ಎಂಜಿನ್ ಗಾಳಿ ಎಳೆಯುವ ದಾರಿಗೆ ಜೋಡಿಸಬೇಡಿ. ಆಯಿಲ್ ಒಳಗೆ ಹೋಗಿ ಉರಿದರೆ ಡೀಸೆಲ್ ಬಂದ್ ಮಾಡಿದರೂ ಎಂಜಿನ್ ನಿಲ್ಲದಿರಬಹುದು.

ಲೆಕ್ಕ ಹಾಕೋಣ

ಅಣ್ಣನ ಹತ್ತಿರ ಒಂದು ನೋಟು ಪುಸ್ತಕ ಇತ್ತು. ಬದಲಾವಣೆಗೆ ಮೊದಲು 100 ಗಂಟೆ ಓಡಿದ ಆಯಿಲಿನಲ್ಲಿ ಕಬ್ಬಿಣ 60, ಸಿಲಿಕಾನ್ 10. ನಂತರ 50 ಗಂಟೆ ಓಡಿದ ಆಯಿಲಿನಲ್ಲಿ ಕಬ್ಬಿಣ 40, ಸಿಲಿಕಾನ್ 22.

"ಕಬ್ಬಿಣ 60 ಇದ್ದದ್ದು 40 ಆಯಿತು, ಒಳ್ಳೆಯದೇ ಅಲ್ವಾ?" ಎಂದರು ಅಣ್ಣ. ಅಲ್ಲ! ಗಂಟೆಯಿಂದ ಭಾಗಿಸಿ. ಮೊದಲು ಗಂಟೆಗೆ 0.6. ಈಗ 0.8. ಸವೆತ ಹೆಚ್ಚಾಗಿದೆ. ಅರ್ಧ ಸಮಯದಲ್ಲೇ ಸಿಲಿಕಾನ್ ಎರಡು ಪಟ್ಟು ದಾಟಿದೆ.

ತಪ್ಪು ಫಿಲ್ಟರಿನದ್ದೋ, ಪೈಪಿನದ್ದೋ? ಎರಡೂ ಒಟ್ಟಿಗೆ ಮಾಡಿದ್ದರಿಂದ ಹೇಳಲು ಆಗಲಿಲ್ಲ. ಬ್ರೀದರ್ ಬಿಚ್ಚಿ ನೋಡಿದರು. ಪೈಪು ಹಾಕುವಾಗ ವಾಲ್ವು ತೆಗೆದಿದ್ದರು. ಪೈಪಿನ ತುದಿ ನೆಲದ ಹತ್ತಿರ ಇತ್ತು. ಧೂಳು ಎಳೆಯುತ್ತಿತ್ತು. ಹೊಸ ಆಯಿಲ್ ಹಾಕಿದರು, ವಾಲ್ವು ಮತ್ತೆ ಕೂರಿಸಿದರು. ಫಿಲ್ಟರ್ ಹಾಗೇ ಬಿಟ್ಟರು. 100 ಗಂಟೆಯ ನಂತರ ಕಬ್ಬಿಣ 50, ಸಿಲಿಕಾನ್ 9.

ಹಾಗಾದರೆ ಫಿಲ್ಟರಿನಿಂದ ಲಾಭ ಆಯಿತಾ? 60ಕ್ಕೂ 50ಕ್ಕೂ ದೊಡ್ಡ ವ್ಯತ್ಯಾಸ ಇಲ್ಲ. ಒಂದು ಪರೀಕ್ಷೆಯಿಂದ ತೀರ್ಮಾನ ಬೇಡ. ಈ ಪರೀಕ್ಷೆ ಅತಿ ಸಣ್ಣ ಕಣಗಳನ್ನೇ ಹೆಚ್ಚಾಗಿ ಲೆಕ್ಕ ಹಾಕುತ್ತದೆ. ಫಿಲ್ಟರ್ ಹಿಡಿಯುವುದು ಹೆಚ್ಚಾಗಿ ದೊಡ್ಡ ಕಣ. ಅದಕ್ಕೆ ಕಣಗಳನ್ನು ಎಣಿಸುವ ಬೇರೆ ಪರೀಕ್ಷೆ ಬೇಕು.

ನೆನಪಿಡಿ

1. ಬದಲಾವಣೆಗೆ ಮೊದಲೂ ಪರೀಕ್ಷೆ ಮಾಡಿಸಿ.
2. ಒಮ್ಮೆಗೆ ಒಂದೇ ಬದಲಾವಣೆ ಮಾಡಿ.
3. ಆಯಿಲಿನ ಜಾತಿ ಒಂದೇ ಇರಲಿ.
4. ಎಂಜಿನ್ ಬಿಸಿ ಇರುವಾಗ ನಿಲ್ಲಿಸಿ ಆಯಿಲ್ ಇಳಿಸಿ. ಮೊದಲು ಬರುವ, ಕೊನೆಗೆ ಬರುವ ಆಯಿಲ್ ಬೇಡ. ನಡುವಿನದ್ದು ಒಣಗಿದ ಸ್ವಚ್ಛ ಕುಪ್ಪಿಗೆ ಹಿಡಿಯಿರಿ. ಕೈ ಸುಡದಂತೆ ಜಾಗ್ರತೆ.
5. ತಾರೀಕು, ಓಡಿದ ಗಂಟೆ, ನಡುವೆ ಸೇರಿಸಿದ ಆಯಿಲ್ ಬರೆದಿಡಿ. ಹೊಸ ಆಯಿಲ್ ಸೇರಿಸಿದರೆ ಲೋಹದ ಲೆಕ್ಕ ಕಮ್ಮಿ ಕಾಣುತ್ತದೆ.

ಅಣ್ಣನ ಎಂಜಿನ್ ಉಳಿಯಿತು. ಉಳಿಸಿದ್ದು ಬರೆದಿಟ್ಟ ನಾಲ್ಕು ಸಾಲು. ನಮಗೂ ಈಗ ಬರೆಯಲು ಬರುತ್ತದೆ. ನಮ್ಮ ಪಂಪಿಗೂ ಒಂದು ನೋಟು ಪುಸ್ತಕ ಇಡೋಣ. ಇವತ್ತಿನ ತಾರೀಕಿನಿಂದಲೇ ಶುರು ಮಾಡೋಣ.