ಟೇಪು ಹರಿದ ಮೇಲೆ ಹೀರೋ ಏನ್ಮಾಡ್ತಾನೆ?

ಸಿನಿಮಾದಲ್ಲಿ ಓಟ ಹೇಗೆ ಮುಗಿಯುತ್ತೆ, ನೋಡಿದ್ದೀರಲ್ಲ? ಸ್ಲೋ ಮೋಷನ್, ಭರ್ಜರಿ ಮ್ಯೂಸಿಕ್, ಹೀರೋ ಎದೆಗೆ ಟೇಪು ತಗುಲಿತು.... ಕಟ್! ಆಮೇಲೆ ಆ ಬಡಪಾಯಿ ಮೆಟ್ಟಿಲು ಹೇಗಿಳಿದ ಅಂತ ಯಾವ ಡೈರೆಕ್ಟರೂ ತೋರಿಸೋದಿಲ್ಲ. ನನಗದು ಗೊತ್ತಾಗಿದ್ದು ಥಿಯೇಟರಿನ ಬಾಲ್ಕನಿಯಲ್ಲಿ!

ಬೆಂಗಳೂರಿನಲ್ಲೊಂದು ಹಾಫ್ ಮ್ಯಾರಥಾನ್. 21 ಕಿಲೋಮೀಟರು. ಪಿಯುಸಿಗೇ ಶರಣು ಹೊಡೆದು ಬಂದವನಿಗೆ ಇದ್ಯಾವ ಲೆಕ್ಕ ಅಂತ ಓಡಿಬಿಟ್ಟೆ. ಮುಗಿಸಿದವನೇ ಫುಟ್‌ಪಾತಿನಲ್ಲಿ ಕುಕ್ಕರಿಸಿದೆ. ತಿಂಡಿ ಇಲ್ಲ, ನೀರೂ ಸರಿಯಾಗಿಲ್ಲ. ಖಾಲಿ ಹೊಟ್ಟೆಗೆ ಒಂದು ನೋವಿನ ಮಾತ್ರೆ ನುಂಗಿ ಸೀದಾ ಮಾರ್ನಿಂಗ್ ಶೋ! ವಿಮರ್ಶೆ ಬರೆದರೆ ತಾನೇ ತಿಂಗಳ ಬಾಡಿಗೆ? ಇಂಟರ್‌ವಲ್‌ನಲ್ಲಿ ದಿಢೀರನೆ ಎದ್ದೆ. ಕಣ್ಣು ಕತ್ತಲೆ. ಮೂರು ಮೆಟ್ಟಿಲು ಉರುಳಿದೆ.

"ಬೆಳಿಗ್ಗೆನೇ ಹಾಕ್ಕೊಂಡು ಬಂದವ್ನೆ ನೋಡು" ಅಂದ ಹಿಂದಿನ ಸೀಟಿನವನು. ವಿಮರ್ಶೆಯೂ ಹೋಯ್ತು, ಮಾನವೂ ಹೋಯ್ತು.

ಡಾಕ್ಟರು ಮೊದಲು ಕೇಳಿದ್ದು ಮೂತ್ರದ ಬಣ್ಣ. ನನಗೆ ನಗು ಬಂತು, ಅವರು ನಗಲಿಲ್ಲ. ಡಿಕಾಕ್ಷನ್ ಬಣ್ಣ ಬಂದರೆ ಸ್ನಾಯು ಒಡೆದು ಕಿಡ್ನಿಗೆ ಕುತ್ತು ಬಂದಿರಬಹುದು, ಕೂಡಲೇ ಆಸ್ಪತ್ರೆಗೆ ಓಡಬೇಕಂತೆ. ಬೆವರಿ ಒಣಗಿದ ಮೈಗೆ ಐಬುಪ್ರೊಫೇನ್‌ನಂಥ ಮಾತ್ರೆಯೂ ಕಿಡ್ನಿಗೆ ಹೊರೆಯೇ. ನನ್ನದು ಅಷ್ಟು ದೂರ ಹೋಗಿರಲಿಲ್ಲ, ಪುಣ್ಯ.

ಓಡುವಾಗ ಕಾಲಿನ ಸ್ನಾಯುಗಳೇ ರಕ್ತವನ್ನು ಮೇಲಕ್ಕೆ ತಳ್ಳುತ್ತಿರುತ್ತವೆ. ಗಕ್ಕನೆ ನಿಂತರೆ ರಕ್ತ ಕಾಲಲ್ಲೇ ಉಳಿದು ತಲೆ ತಿರುಗುತ್ತೆ. ಅದಕ್ಕೇ ಟೇಪು ದಾಟಿದ ಮೇಲೆ 10-15 ನಿಮಿಷ ನಿಧಾನಕ್ಕೆ ನಡೀಬೇಕು. ಹಾಗಂತ ಕೊಡಗಟ್ಟಲೆ ನೀರೂ ಕುಡೀಬಾರದು ಗುರೂ! 2002ರ ಬಾಸ್ಟನ್ ಮ್ಯಾರಥಾನಿನಲ್ಲಿ ರಕ್ತ ಪರೀಕ್ಷೆಯಾದ 488 ಓಟಗಾರರಲ್ಲಿ ನೂರಕ್ಕೆ 13 ಮಂದಿಗೆ ಸೋಡಿಯಂ ಇಳಿದಿತ್ತು. ಓಟದುದ್ದಕ್ಕೂ ಅತಿಯಾಗಿ ಕುಡಿದದ್ದೇ ದೊಡ್ಡ ಕಾರಣ. ಬಾಯಾರಿಕೆಗೆ ತಕ್ಕಷ್ಟು ಉಪ್ಪು ಹಾಕಿದ ಮಜ್ಜಿಗೆ, ಒಂದೆರಡು ಗಂಟೆಯೊಳಗೆ ಇಡ್ಲಿ, ಮೊಟ್ಟೆ. ನನಗೆ ಅಷ್ಟೇ ಸಾಕಿತ್ತು. ಬಿಯರ್ ಬಾಟ್ಲಿ ತೋರಿಸುವ ಗೆಳೆಯನನ್ನು ಆವತ್ತು ಮನೆಗೆ ಕಳಿಸಿ.

ನೋವಿಗೆ ಲ್ಯಾಕ್ಟಿಕ್ ಆಸಿಡ್ ಕಾರಣ ಅಂತಾರೆ ಜಿಮ್ ಪಂಡಿತರು. ಅದು ಗಂಟೆಯೊಳಗೇ ಹೆಚ್ಚು ಕಡಿಮೆ ಖಾಲಿ! ಸ್ನಾಯುವಿನ ಎಳೆಗಳಲ್ಲಿ ಆದ ಸಣ್ಣ ಸಣ್ಣ ಗಾಯದ ನೋವು ಇದು. ಒಂದರಿಂದ ಮೂರನೇ ದಿನಕ್ಕೆ ಜೋರು. ಹತ್ತುವುದಕ್ಕಿಂತ ಇಳಿಯುವುದೇ ನರಕ. ನಿದ್ದೆ ಮಾಡಿ, ಅಡ್ಡಾಡಿ. ಒಂದು ವಾರ ಓಟದ ಮಾತೆತ್ತಬೇಡಿ.

ಅಬೆಬೆ ಬಿಕಿಲ ಅಂತೊಬ್ಬ ಇದ್ದ, ಇಥಿಯೋಪಿಯಾದವನು. 1964ರ ಟೋಕಿಯೋ ಒಲಿಂಪಿಕ್ಸ್‌ಗೆ ಕೆಲವೇ ವಾರ ಮುಂಚೆ ಅವನಿಗೆ ಅಪೆಂಡಿಕ್ಸ್ ಆಪರೇಷನ್. ಆದರೂ 42 ಕಿಲೋಮೀಟರು ಓಡಿ ಚಿನ್ನ ಗೆದ್ದು, ಗೆದ್ದವನೇ ಮೈದಾನದಲ್ಲಿ ಕಸರತ್ತು ಮಾಡಿದ! ಕೋನ್ ಇಚಿಕಾವಾ ಮಾಡಿದ 'ಟೋಕಿಯೋ ಒಲಿಂಪಿಯಾಡ್' ಚಿತ್ರದಲ್ಲಿ ಅವನ ಓಟ ನೋಡಿ, ಮೈ ಜುಮ್ಮೆನ್ನುತ್ತೆ. ನೋಡಿ ಅಷ್ಟೇ, ಆ ಕಸರತ್ತಿಗೆ ಕೈಹಾಕಬೇಡಿ.

ಮೊನ್ನೆ ನಾನು ಮತ್ತೆ 21 ಓಡಿದೆ. ನಡೆದೆ, ಮಜ್ಜಿಗೆ ಕುಡಿದೆ, ಮಧ್ಯಾಹ್ನವೆಲ್ಲ ಗೊರಕೆ ಹೊಡೆದೆ. ಸಿನಿಮಾಗೆ ಹೋಗಿದ್ದು ಮಾರನೇ ದಿನ. ಬಾಲ್ಕನಿ ಬೇಡ ಅಂದೆ, ಕೆಳಗಿನ ಕ್ಲಾಸೇ ಕೊಡಪ್ಪ!