ಬೆಳಗಿನ ಕಾಫಿ ಮತ್ತು ಎದೆಯುರಿ

ಕಾಫಿ ಕುಡಿದರೆ ಎದೆಯುರಿ, ಬಿಟ್ಟರೆ ತಲೆನೋವು. ಈ ಇಕ್ಕಟ್ಟನ್ನು ಹೇಳಿಕೊಳ್ಳುವ ಸದ್ಭಕ್ತರು ಅನೇಕರು. ಬಾಬಾ ಬುಡನ್ ಅವರು 17ನೆಯ ಶತಮಾನದಲ್ಲಿ ಚಂದ್ರದ್ರೋಣ ಪರ್ವತಕ್ಕೆ ತಂದರೆಂದು ಪ್ರತೀತಿಯಿರುವ ಈ ಬೀಜ ಇಂದು ಅತಿಥಿಸತ್ಕಾರದ ಅಂಗವೇ ಆಗಿದೆ. ಅದನ್ನು ತ್ಯಜಿಸಿರೆಂದು ನಾವು ಹೇಳಹೊರಟಿಲ್ಲ. ದೂರುವ ಮುನ್ನ ಡಬ್ಬಿಯಲ್ಲಿರುವ ಪುಡಿಯನ್ನೂ ಅದನ್ನು ಕುಡಿಯುವ ಹೊತ್ತನ್ನೂ ಒಮ್ಮೆ ಗಮನಿಸಬೇಕು.

ಕಾಫಿಯು ಜಠರದಲ್ಲಿ ಆಮ್ಲದ ಸ್ರಾವವನ್ನು ಹೆಚ್ಚಿಸುತ್ತದೆ. ಇದಕ್ಕೆ ಕೆಫೀನ್ ಒಂದೇ ಕಾರಣವಲ್ಲ; ಕೆಫೀನ್ ತೆಗೆದ ಕಾಫಿಗೂ ಈ ಗುಣವುಂಟು. ದೊಡ್ಡ ಕರುಳಿನ ಚಲನೆಯೂ ಚುರುಕಾಗುವುದರಿಂದ ಕೆಲವರಿಗೆ ಲೋಟ ಬರಿದಾಗುವ ಮೊದಲೇ ಶೌಚದ ಒತ್ತಡ ಬರುತ್ತದೆ. ಅದು ರೋಗವಲ್ಲ.

ಅರೇಬಿಕಾಕ್ಕಿಂತ ರೊಬಸ್ಟಾ ಬೀಜದಲ್ಲಿ ಕೆಫೀನ್ ಸುಮಾರು ಇಮ್ಮಡಿ. ಇನ್ನು ಚಿಕೋರಿ ಒಂದು ಗಿಡದ ಬೇರು. ಅದರಲ್ಲಿ ಕೆಫೀನ್ ಇಲ್ಲವಾದರೂ ಇನುಲಿನ್ ಎಂಬ ನಾರಿನಂಶ ಕರುಳಿನಲ್ಲಿ ಹುದುಗಿ ಕೆಲವರಿಗೆ ಹೊಟ್ಟೆಯುಬ್ಬರ ತರುತ್ತದೆ. ಹಾಲು ಒಗ್ಗದವರಿಗೂ ಇದೇ ತೊಂದರೆಯಾಗುವುದರಿಂದ ಕಾರಣ ಯಾವುದೆಂದು ತಿಳಿಯದು. ಕೆಲವು ದಿನ ಚಿಕೋರಿಯಿಲ್ಲದ ಪುಡಿ ಬಳಸಿ ನೋಡುವುದೇ ಸುಲಭದ ಪರೀಕ್ಷೆ. ಮಿಶ್ರಣದ ಪುಡಿಯಲ್ಲಿ ಕಾಫಿ ಶೇ. 51ಕ್ಕಿಂತ ಕಡಿಮೆಯಿರಬಾರದೆಂದೂ ಪ್ರಮಾಣವನ್ನು ಪೊಟ್ಟಣದ ಮೇಲೆ ನಮೂದಿಸಬೇಕೆಂದೂ ನಿಯಮವಿದೆ. ಓದುವವರು ಮಾತ್ರ ವಿರಳ.

ನಮ್ಮ ಮನೆಗಳಲ್ಲಿ ಬೆಳಗ್ಗೆ ಇಳಿಸಿದ ಡಿಕಾಕ್ಷನ್ ಸಂಜೆಯ ನೆಂಟರಿಗೂ ಒದಗುತ್ತದೆ. ಬಹಳ ಹೊತ್ತು ಬಿಸಿಯಲ್ಲಿಟ್ಟಾಗ ಅದರ ಆಮ್ಲಾಂಶ ಹೆಚ್ಚುತ್ತದೆ, ಕುದಿಸಿದಷ್ಟೂ ಕಹಿಯಾಗುತ್ತದೆ, ಆ ಕಹಿಯನ್ನು ಮುಚ್ಚಲು ಸಕ್ಕರೆ ಬೀಳುತ್ತದೆ. ಬೇಕಾದಷ್ಟನ್ನೇ ಹೊಸದಾಗಿ ಇಳಿಸಿ, ಹಾಲನ್ನು ಮಾತ್ರ ಕಾಯಿಸಿ ಬೆರೆಸುವುದು ಲೇಸು.

ಎದೆಯುರಿಯಿರುವವರು ಬರಿ ಹೊಟ್ಟೆಯಲ್ಲಿ ಕಾಫಿ ಕುಡಿಯದೆ ಉಪಾಹಾರದ ನಂತರ ಸೇವಿಸಲಿ, ಕುಡಿದೊಡನೆ ಮಲಗದಿರಲಿ. ಆದರೆ ರಕ್ತಹೀನತೆಯುಳ್ಳ ತಾಯಂದಿರಿಗೆ ಇಲ್ಲೊಂದು ತೊಡಕಿದೆ. ಊಟದೊಡನೆ ಕುಡಿದ ಕಾಫಿಯು ಆಹಾರದ ಕಬ್ಬಿಣಾಂಶ ಮೈಗೆ ಹತ್ತುವುದನ್ನು ತಗ್ಗಿಸುತ್ತದೆ. ಅವರು ಊಟಕ್ಕೂ ಕಬ್ಬಿಣದ ಮಾತ್ರೆಗೂ ಕಾಫಿಗೂ ನಡುವೆ ಒಂದೆರಡು ಗಂಟೆಯ ಅಂತರವಿಡಬೇಕು. ಚಹಾಪ್ರಿಯರಿಗೂ ಈ ಮಾತು ಅನ್ವಯಿಸುತ್ತದೆ.

ಪುಡಿ ಬದಲಿಸಿ, ಹೊತ್ತು ಬದಲಿಸಿಯೂ ಉರಿ ಶಮನವಾಗದೆ, ಅಂಗಡಿಯ ಮಾತ್ರೆ ನುಂಗಿ ದಿನ ತಳ್ಳುವವರನ್ನು ಕಂಡಾಗ ನಮಗೆ ಕಳವಳವಾಗುತ್ತದೆ. ಮಲ ಕಪ್ಪಾಗುವುದು, ತುತ್ತು ನುಂಗುವಾಗ ತಡೆ, ಕಾರಣವಿಲ್ಲದೆ ತೂಕ ಇಳಿಯುವುದು, ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು.